ಹೊಲದ ಬಾವಿ ನೋಡಿಕೊಂಡು ಲೋಣಾರಕ್ಕೆ

ಔರಾದ್ ಕಡೆಯ ನಮ್ಮ ಹೊಲದ ಬಾವಿಯಲ್ಲಿ ಕರಿಮಣ್ಣಿನ ಕೆಳಗೆ ಮೊರಂ, ಅದರ ಕೆಳಗೆ ಕರಿಗಲ್ಲು. ಕಲ್ಲಿನ ಪದರ ರೊಟ್ಟಿ ಪೇರಿಸಿಟ್ಟ ಹಾಗೆ ಮಟ್ಟಸವಾಗಿ ಕೂತಿದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಅದು. ಮಹಾರಾಷ್ಟ್ರದ ಲೋಣಾರದಲ್ಲಿ ಉಲ್ಕೆ ಅಪ್ಪಳಿಸಿ ಕುಳಿ ಬಿದ್ದಿರುವುದೂ ಇದೇ ದಖ್ಖನ್ ಲಾವಾದ ಮೇಲೆ. ಹೊರಡುವ ಹಿಂದಿನ ದಿನ ಅಕ್ಕನ ಮಗನನ್ನು ಬಾವಿಯ ಬಳಿ ಕರೆದೊಯ್ದು, "ಇದನ್ನು ಚೆನ್ನಾಗಿ ನೋಡಿಟ್ಟುಕೋ" ಎಂದೆ. ಅವನು ಒಂಬತ್ತನೆಯ ತರಗತಿ; ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು.

ಬೀದರ್‌ನಿಂದ ಪರ್ಭಣಿಗೆ ರೈಲು, ಮುಂದೆ ಜಿಂತೂರು, ಮಂಠಾ ದಾಟಿ ಬಸ್ಸು. ಮರಾಠಿ ನಮಗೆ ಮನೆಯ ಮಾತಿನಷ್ಟೇ ಸಲೀಸು, ದಾರಿ ಕೇಳಲು ಕಷ್ಟವಾಗಲಿಲ್ಲ.

ಊರು ದಾಟುವವರೆಗೂ ಕುಳಿಯ ಸುಳಿವೇ ಇರುವುದಿಲ್ಲ. ಸಣ್ಣ ಏರು ಹತ್ತಿದೊಡನೆ ನೆಲ ಕಾಲಬುಡದಲ್ಲೇ ಕುಸಿಯುತ್ತದೆ: ಸುಮಾರು 1.8 ಕಿಲೋಮೀಟರ್ ಅಗಲದ ಬಟ್ಟಲು, ತಳದಲ್ಲಿ ಹಸಿರು ನೀರು. ಹೆಚ್ಚಿನವರು ಇಲ್ಲಿ ಫೋಟೋ ತೆಗೆದು ಹಿಂದಿರುಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅಂಚಿನ ಮೇಲೆ ಸ್ವಲ್ಪ ದೂರ ನಡೆದು, ಕಲ್ಲು ಬಯಲಾಗಿರುವ ಕಡೆ ನಿಂತು ನೋಡಿ. ನಮ್ಮ ಬಾವಿಯಲ್ಲಿ ಮಟ್ಟಸವಾಗಿದ್ದ ಪದರ ಅಲ್ಲಿ ಮೇಲೆದ್ದು ಹೊರಕ್ಕೆ ವಾಲಿದೆ. ಹುಡುಗ ಅಂಗೈಯನ್ನು ಆ ಓರೆಗೆ ಹಿಡಿದು ನೋಡಿದ. ಆಮೇಲೆ, "ಮಾಮಾ, ಬಿದ್ದ ಕಲ್ಲು ಎಲ್ಲಿ ಹೋಯಿತು?" ಎಂದ. ಅಪ್ಪಳಿಸಿದ ಬಿಸಿಗೆ ಅದರ ಬಹುಪಾಲು ಕರಗಿ ಆವಿಯಾಯಿತು ಎಂದೆ. ಅವನಿಗೆ ನಿರಾಸೆಯಾಯಿತು. ಆದರೆ ಆ ಹೊಡೆತಕ್ಕೆ ಇಲ್ಲಿನ ಕಲ್ಲಿನೊಳಗಿನ ಹರಳೇ ಗಾಜಾಗಿದೆ, ಜ್ವಾಲಾಮುಖಿಯ ಬಾಯಲ್ಲಿ ಅಂಥ ಗಾಜು ಹುಟ್ಟುವುದಿಲ್ಲ ಎಂದಾಗ ಮತ್ತೆ ಕಿವಿ ನೆಟ್ಟಗಾಯಿತು. ಕುಳಿಯ ವಯಸ್ಸನ್ನು ಮೊದಲು 50 ಸಾವಿರ ವರ್ಷದ ಆಸುಪಾಸು ಎಂದು ಲೆಕ್ಕ ಹಾಕಿದ್ದರು. ಆಮೇಲೆ ಕಲ್ಲಿನೊಳಗಿನ ಆರ್ಗಾನ್ ಅನಿಲವನ್ನು ಅಳೆದು ಹಾಕಿದ ಲೆಕ್ಕ 5.7 ಲಕ್ಷ ವರ್ಷ. ನನಗೆ ಎರಡನೆಯದೇ ಹೆಚ್ಚು ನಂಬಿಕೆ, ಅದು ಕರಗಿದ ಕಲ್ಲನ್ನೇ ಅಳೆದದ್ದು.

ಇಳಿಯಲು ನಾವು ಹೊರಟದ್ದು ನಡುಮಧ್ಯಾಹ್ನ. ಅದು ನನ್ನ ತಪ್ಪು. ತಳದಲ್ಲಿ ಗಾಳಿಯೇ ಆಡುವುದಿಲ್ಲ, ಹತ್ತಿ ಬರುವಾಗ ಹುಡುಗ ಎರಡು ಬಾರಿ ಕುಳಿತುಬಿಟ್ಟ. ಬೆಳಗಿನ ತಂಪಿನಲ್ಲೇ ಇಳಿಯಿರಿ, ತಲೆಗೆ ಎರಡು ಲೀಟರಿನಂತೆ ನೀರಿರಲಿ. ಅಭಯಾರಣ್ಯವಾದ್ದರಿಂದ ಒಂದು ಕಲ್ಲನ್ನೂ ಜೇಬಿಗೆ ಹಾಕಿಕೊಳ್ಳಬಾರದು.

ಶಾಲೆಯಿಂದ ಕೆಂಪು ಲಿಟ್ಮಸ್ ಕಾಗದ ಒಯ್ದಿದ್ದೆ. ಮೇಲೆ ಗೋಮುಖದ ಸಿಹಿನೀರಿನ ಧಾರೆಗೆ ಒಂದನ್ನು ಹಿಡಿದಾಗ ಬಣ್ಣ ಕದಲಲಿಲ್ಲ. ಕೆರೆಯ ದಡದಲ್ಲಿ ಕಪ್ಪು ಕೆಸರು, ಕೊಳೆತ ಮೊಟ್ಟೆಯ ವಾಸನೆ, ಕಲ್ಲಿನ ಮೇಲೆ ಬಿಳಿಯ ಸವಳು. ಅಲ್ಲಿ ಅದ್ದಿದ ಕಾಗದ ಕ್ಷಣದಲ್ಲೇ ನೀಲಿಯಾಯಿತು. ಈ ಸವಳುನೀರೇ 2020ರ ಜೂನ್‌ನಲ್ಲಿ ಉಪ್ಪನ್ನು ಇಷ್ಟಪಡುವ ಸೂಕ್ಷ್ಮಜೀವಿಗಳಿಂದ ಗುಲಾಬಿ ಬಣ್ಣಕ್ಕೆ ತಿರುಗಿತ್ತು.

ಎರಡೂ ಕಾಗದಗಳನ್ನು ಹುಡುಗ ಒಣಗಿಸಿ ನೋಟ್‌ಬುಕ್ಕಿನಲ್ಲಿ ಅಂಟಿಸಿದ್ದಾನೆ. ಪಕ್ಕದ ಪುಟದಲ್ಲಿ ನಮ್ಮ ಬಾವಿಯ ಗೋಡೆಯ ಚಿತ್ರ ಬರೆದಿದ್ದಾನೆ, ಗೆರೆಗಳೆಲ್ಲ ಸ್ಕೇಲ್ ಹಿಡಿದು ಎಳೆದದ್ದು.