‘ಲೂಸ್’ ಮತ್ತು ‘ಲೂಜ಼್’: ಥಾಯ್ ನಾಲಿಗೆಗೆ ನಮ್ಮ ಉಕಾರದ ಮದ್ದು — ನನ್ನ ಅನುಭವ

ಇಂಗ್ಲಿಷ್ ಪದಗಳ ಕೊನೆಯ ವ್ಯಂಜನಕ್ಕೆ ನಮ್ಮ ‘ಬಸ್ಸು’, ‘ಕಾರು’ಗಳ ಉಕಾರವನ್ನು ಅಂಟಿಸಿ ಥಾಯ್ ವಿದ್ಯಾರ್ಥಿಗಳಿಗೆ ಕಲಿಸುತ್ತೇನೆಂದಾಗ ಥಾಯ್ಲೆಂಡಿನ ಚಿಯಾಂಗ್ ಮಾಯ್‌ನ ನನ್ನ ಸಹಶಿಕ್ಷಕರಲ್ಲಿ ಒಬ್ಬರೂ ಒಪ್ಪಿರಲಿಲ್ಲ. ಆ ಉಕಾರ ಬಾಯಲ್ಲೇ ಉಳಿದು, ಥಾಯ್ ಧಾಟಿಯ ಮೇಲೆ ಭಾರತೀಯ ಧಾಟಿಯೂ ಹೇರಿಕೊಳ್ಳುತ್ತದೆ ಎಂಬುದು ಅವರ ವಾದವಾಗಿತ್ತು. ಹೋಟೆಲ್ ಸಿಬ್ಬಂದಿಯ ಕೆಲವು ತಂಡಗಳು ಈಗ ಇದೇ ದಾರಿಯಲ್ಲಿ ಕಲಿತು ಕೌಂಟರ್‌ನಲ್ಲಿ ನಿಂತಿರುವುದರಿಂದ, ಅಲ್ಲಿ ಇದೇ ಕೆಲಸ ಮಾಡುವ ಕನ್ನಡಿಗರಿಗಾಗಿ ಬರೆಯುತ್ತಿದ್ದೇನೆ.

ಮೊದಲು ದುಡ್ಡು ಹೋದ ದಾರಿ. ಮರುಭೂಮಿಯ ‘ಡೆಸರ್ಟ್’ ಮತ್ತು ಸಿಹಿತಿನಿಸಿನ ‘ಡಿಸರ್ಟ್’, ಸಾಕಷ್ಟು ಎಂಬರ್ಥದ ‘ಕ್ವೈಟ್’ ಮತ್ತು ನಿಶ್ಶಬ್ದದ ‘ಕ್ವಯಟ್’ ಮೊದಲಾದ ಜೋಡಿಗಳಿಗೆ ಲ್ಯಾಮಿನೇಟ್ ಮಾಡಿದ ಚಿತ್ರಪಟಗಳನ್ನು ಮಾಡಿಸಲು ಸುಮಾರು ನಾಲ್ಕು ಸಾವಿರ ಬಾತ್ ಸುರಿದೆ. ಅರ್ಥ ಕೇಳಿದರೆ ಎಲ್ಲರೂ ಸರಿಯಾದ ಚಿತ್ರವನ್ನೇ ತೋರಿಸುತ್ತಿದ್ದರು, ಬಾಯಿ ತೆರೆದರೆ ಎರಡೂ ಪದ ಒಂದೇ ಆಗುತ್ತಿತ್ತು. ಆಮೇಲೆ ಉಚ್ಚಾರಣೆಗೆ ಅಂಕ ಕೊಡುವ ಮೊಬೈಲ್ ಆ್ಯಪ್‌ಗೆ ಒಂದು ವರ್ಷದ ಚಂದಾ ಕಟ್ಟಿದೆ. ವಾಕ್ಯದ ಸಂದರ್ಭದಿಂದ ಪದವನ್ನು ಊಹಿಸಿಕೊಂಡು ತಪ್ಪು ಉಚ್ಚಾರಕ್ಕೂ ಅದು ಹಸಿರು ಗುರುತು ಹಾಕುತ್ತಿದ್ದುದರಿಂದ ಆ ಹಣವೂ ನೀರಿಗೆ ಹೋಯಿತು.

ಥಾಯ್ ಬಾಯಲ್ಲಿ ಇಂಗ್ಲಿಷ್ ಪದದ ಕೊನೆಗೆ ಬಂದ ಸ್, ಜ಼್, ಚ್, ಶ್ ಎಲ್ಲವೂ ಬಿಡುಗಡೆಯಾಗದ, ಅಂದರೆ ಉಸಿರು ಹೊರಬಿಡದೆ ಬಾಯಲ್ಲೇ ತಡೆದು ನಿಲ್ಲಿಸುವ ‘ತ್’ ಆಗುತ್ತವೆ, ‘ಲ್’ ಎಂಬುದು ‘ನ್’ ಆಗುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ಲಿಪಿಯಲ್ಲಿ ಲಕಾರವನ್ನೇ ಬರೆದು ‘ಹೋಟೆನ್’ ಎಂದು ಓದುವುದು ಅವರ ಓದಿನ ನಿಯಮವೇ ಆಗಿರುವಾಗ, ಮತ್ತೆ ಮತ್ತೆ ತಿದ್ದುವುದರಿಂದ ಏನೂ ಆಗದು. ಆದರೆ ಅದೇ ಸಕಾರವನ್ನು ಪದದ ಆರಂಭದಲ್ಲಿ ಅವರು ಸಲೀಸಾಗಿ ನುಡಿಯುತ್ತಾರೆ. ಹಾಗಾಗಿ ‘ರೈಸ್’ ಪದವನ್ನು ‘ರೈ-ಸು’ ಎಂದು ಒಡೆದು, ಕೊನೆಯ ಸಕಾರವನ್ನು ಹೊಸ ಅಕ್ಷರದ ಆರಂಭಕ್ಕೆ ತಂದೆ. ನಮ್ಮ ಉಕಾರಕ್ಕಿಂತ ತುಟಿ ದುಂಡಗಾಗದ ಅವರದೇ ಹ್ರಸ್ವ ಸ್ವರ ಇದಕ್ಕೆ ಹೆಚ್ಚು ಒಗ್ಗುತ್ತದೆ. ಅದನ್ನು ಪಿಸುಮಾತಿಗೆ ಇಳಿಸುವುದು ಸುಲಭ. ಮುಂದಿನ ಹಂತದಲ್ಲಿ ‘ಇಸ್’, ‘ಆನ್’ ಮುಂತಾದ, ಸ್ವರದಿಂದ ಶುರುವಾಗುವ ಪದಗಳನ್ನು ಅದರ ಬೆನ್ನಿಗೇ ಇಟ್ಟೆ, ಆಗ ಸಕಾರ ತಾನಾಗಿ ಅವುಗಳಿಗೆ ಅಂಟಿಕೊಂಡಿತು. ಒಂದೂವರೆ ತಿಂಗಳ ಹೊತ್ತಿಗೆ ಹತ್ತು–ಹನ್ನೆರಡು ಜನರಲ್ಲಿ ಒಬ್ಬಿಬ್ಬರನ್ನು ಬಿಟ್ಟು ಉಳಿದವರ ಬಾಲದ ಸ್ವರ ಕಳಚಿ ಬಿದ್ದಿತ್ತು. ಅತಿ ಹೆಚ್ಚು ಅನುಮಾನಪಟ್ಟಿದ್ದ ಶಿಕ್ಷಕರೇ ಈಗ ನನ್ನ ಅಭ್ಯಾಸದ ಹಾಳೆಗಳನ್ನು ಕೇಳಿ ಒಯ್ಯುತ್ತಾರೆಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಸಡಿಲ ಎಂಬರ್ಥದ ‘ಲೂಸ್’ ಮತ್ತು ಕಳೆದುಕೊಳ್ಳುವ ‘ಲೂಜ಼್’ ಜೋಡಿಗೆ ಇಷ್ಟು ಸಾಲದು, ಏಕೆಂದರೆ ಥಾಯ್‌ನಲ್ಲಿ ಜ಼ಕಾರವೇ ಇಲ್ಲ. ಇಲ್ಲಿ ಅವರ ಕಿವಿ ನೆರವಿಗೆ ಬಂತು: ನಮ್ಮಂತೆ ಅವರೂ ಹ್ರಸ್ವ-ದೀರ್ಘಗಳನ್ನು ಚೆನ್ನಾಗಿ ಗುರುತಿಸುತ್ತಾರೆ. ‘ಲೂಜ಼್’ನ ಸ್ವರವನ್ನು ಎಳೆಯಿರಿ, ‘ಲೂಸ್’ನದನ್ನು ಮೊಟಕುಗೊಳಿಸಿ ಎಂದರೆ ಸಾಕು, ಜ಼ಕಾರ ಬಾರದಿದ್ದರೂ ಅತಿಥಿಗೆ ಅರ್ಥವಾಗುತ್ತದೆ. ಕಾಗುಣಿತದಲ್ಲಿ ಎರಡು ‘ಓ’ ಇರುವ ಪದವೇ ಗಿಡ್ಡವಾಗಿ ಕೇಳಿಸುವುದರಿಂದ, ಹಾಳೆಯನ್ನು ಮುಚ್ಚಿಸಿಯೇ ಇದನ್ನು ಕಲಿಸಬೇಕು. ಬೆಲೆಯ ‘ಪ್ರೈಸ್’, ಬಹುಮಾನದ ‘ಪ್ರೈಜ಼್’ ಜೋಡಿಯೂ ಹೀಗೆಯೇ ದಾರಿಗೆ ಬಂತು.

‘ಡೆಸರ್ಟ್–ಡಿಸರ್ಟ್’ ವಿಷಯದಲ್ಲಿ ಒಂದು ಅಡ್ಡ ಪ್ರಯೋಗವನ್ನೂ ಮಾಡಿದೆ. ಥಾಯ್ ಮಾತಿನ ಒತ್ತು ಕೊನೆಯ ಅಕ್ಷರಕ್ಕೇ ಬೀಳುವುದರಿಂದ, ಅವರ ಬಾಯಲ್ಲಿ ಮರುಭೂಮಿಯೂ ಸಿಹಿತಿನಿಸಾಗುತ್ತದೆ. ಒತ್ತು ಬೇಕಾದ ಅಕ್ಷರದ ಮೇಲೆ ‘ಮೈ ಥೋ’ ಎಂಬ, ಥಾಯ್ ಲಿಪಿಯ ಟೋನ್ (ದನಿಯ ಏರಿಳಿತದ) ಗುರುತು ಹಾಕಿ ಓದಿಸಿದೆ. ಮರುಭೂಮಿಯ ‘ಡೆಸರ್ಟ್’ಗೆ ಸೊಗಸಾಗಿ ಹೊಂದಿತು, ಆದರೆ ಥಾಯ್ ಲಿಪಿಯಲ್ಲಿ ‘ಕೆಳವರ್ಗ’ ಎಂದು ವಿಂಗಡಿಸಿದ ವ್ಯಂಜನಗಳ ಮೇಲೆ ಅದೇ ಗುರುತು ಇಳಿಯುವ ಟೋನಿನ ಬದಲು ಎತ್ತರದ ಟೋನ್ ಕೊಡುವುದರಿಂದ ಎಲ್ಲ ಪದಗಳಿಗೂ ಹೊಂದಲಿಲ್ಲ. ಈಗ ಅದನ್ನು ಆರೇಳು ಪದಗಳಿಗಷ್ಟೇ ಬಳಸುತ್ತೇನೆ.

ತೊಳೆಯುವ ‘ವಾಶ್’ ಮತ್ತು ಕೈಗಡಿಯಾರದ ‘ವಾಚ್’ ಬೇರ್ಪಡಿಸಲು ನನ್ನಲ್ಲಿ ಬೇರೆಯೇ ಉಪಾಯವಿದೆ. ಗಂಟೆಗೆ ಸುಮಾರು 350 ಬಾತ್ ಇದ್ದ ನನ್ನ ಶುಲ್ಕ 500ರ ಆಸುಪಾಸಿಗೆ ಏರಿದ್ದು ಅದರಿಂದಲೇ ಆದುದರಿಂದ ಇಲ್ಲಿ ಬರೆಯುವುದಿಲ್ಲ. ರ–ಲ ಭೇದಕ್ಕೆ ಮಾತ್ರ ಕೈಹಾಕಿಲ್ಲ. ಅವರ ಸ್ವಂತ ಆಡುಮಾತಿನಲ್ಲೇ ರಕಾರವು ಲಕಾರವಾಗುತ್ತಿರುವಾಗ, ನವೆಂಬರ್‌ನ ಪ್ರವಾಸಿಗರು ಬರುವ ಮೊದಲೇ ಮುಗಿಯಬೇಕಾದ ತರಗತಿಯಲ್ಲಿ ಅದಕ್ಕಾಗಿ ಹಣ ಕೊಡುವ ಹೋಟೆಲ್ ಮಾಲೀಕರು ನನಗಿನ್ನೂ ಸಿಕ್ಕಿಲ್ಲ.