ಒಂದೇ ಸಾರುವೆ, ಮೂವರು ಗುತ್ತಿಗೆದಾರರು: ಹಂಚಿಕೊಳ್ಳುವುದು ಹೇಗೆ?

ಹಲವು ಮನೆಗಳಿರುವ ಕಟ್ಟಡ. ಹೊರಗೋಡೆಗೆ ಗಾರೆ ಆಗಬೇಕು, ಕೆಲವರಿಗೆ ಕಿಟಕಿ ಬದಲಿಸಬೇಕು, ಕೊನೆಗೆ ಪೇಂಟ್. ಮೂರಕ್ಕೂ ಬೇರೆ ಬೇರೆ ಗುತ್ತಿಗೆದಾರರು. ಒಬ್ಬೊಬ್ಬರೂ ತಮ್ಮದೇ ಸಾರುವೆ ತಂದರೆ ಸಾಗಿಸುವ, ಕಟ್ಟುವ, ಬಿಚ್ಚುವ ಖರ್ಚು ಮೂರು ಸಲ. ಒಂದನ್ನೇ ಹಂಚಿಕೊಂಡರೆ ಉಳಿತಾಯ ಖಂಡಿತ. ಆದರೆ ಇಂಥ ಏರ್ಪಾಡು ದುಡ್ಡಿನ ಜಗಳಕ್ಕಿಂತ ಬೇರೆ ಪ್ರಶ್ನೆಗೆ ಮುರಿದುಬೀಳುವುದು ಜಾಸ್ತಿ: ಈ ಕ್ಲಾಂಪ್ ಬಿಚ್ಚಿದ್ದು ಯಾರು?

ಮೊದಲು ಯಜಮಾನ ಯಾರೆಂದು ಗೊತ್ತು ಮಾಡಿ

ಸಾರುವೆಯ ಬಾಡಿಗೆ ಕರಾರು ಒಂದೇ ಹೆಸರಿನಲ್ಲಿರಲಿ. ಅದು ನಿವಾಸಿಗಳ ಸಂಘವಾಗಿರಬಹುದು, ಮುಖ್ಯ ಗುತ್ತಿಗೆದಾರನಾಗಿರಬಹುದು. ಉಳಿದವರು ಬಳಸುವವರು ಮಾತ್ರ. ಅವರಿಗೆ ಬರಹದಲ್ಲೇ ಅನುಮತಿ ಕೊಡಿ: ಯಾವ ಗೋಡೆ, ಎಷ್ಟು ವಾರ, ಎಷ್ಟು ಜನ. ಅಪಘಾತವಾದರೆ ವಿಮೆ ಯಾರದ್ದು ಎಂಬುದೂ ಅದರಲ್ಲಿ ಇರಲಿ. "ನಾವೆಲ್ಲ ಗುರುತಿನವರೇ ಅಲ್ವಾ" ಅಂತ ಇದನ್ನು ಬಿಡಬೇಡಿ.

ಕಟ್ಟುವ ಮುಂಚೆ ಎಲ್ಲರನ್ನೂ ಕೇಳಿ

ಗಾರೆಯವರಿಗೆ ಹಲಗೆ ಒಂದು ಎತ್ತರದಲ್ಲಿ ಬೇಕು, ಕಿಟಕಿಯವರಿಗೆ ಇನ್ನೊಂದು ಎತ್ತರದಲ್ಲಿ. ಗೋಡೆಗೂ ಹಲಗೆಗೂ ನಡುವಿನ ಸಂದೂ ಅಷ್ಟೇ. ಗಾರೆ ದಪ್ಪ ಬರುವುದಿದ್ದರೆ ಜಾಗ ಬಿಡಬೇಕು, ಜಾಸ್ತಿ ಬಿಟ್ಟರೆ ಮನುಷ್ಯ ಜಾರುತ್ತಾನೆ.

ಇನ್ನು ಭಾರ. ಇದು ಎಲ್ಲಕ್ಕಿಂತ ಮುಖ್ಯ. ಯುರೋಪಿನ ಇಎನ್ 12811 ಮಾನದಂಡ ಸಾರುವೆಗಳನ್ನು 6 ವರ್ಗ ಮಾಡುತ್ತದೆ. 2ನೇ ವರ್ಗ ಚದರ ಮೀಟರಿಗೆ ಸುಮಾರು 150 ಕೆಜಿ ಹೊರುತ್ತದೆ, 3ನೇ ವರ್ಗ 200, 4ನೇ ವರ್ಗ 300. ಪೇಂಟರ್‌ಗೆ ಸಾಕಾಗುವ ಸಾರುವೆ ಗಾರೆಯವನಿಗೆ ಸಾಲದೇ ಹೋಗಬಹುದು. ಲೆಕ್ಕ ಹಾಕಿ ನೋಡಿ. ಎರಡು ಕಂಬಗಳ ನಡುವೆ 2.5 ಮೀಟರ್ ಉದ್ದ, 0.6 ಮೀಟರ್ ಅಗಲದ ಹಲಗೆ ಅಂದರೆ ಒಂದೂವರೆ ಚದರ ಮೀಟರ್. 3ನೇ ವರ್ಗದಲ್ಲಿ ಅದರ ಮಿತಿ 300 ಕೆಜಿ. ತಲಾ 80 ಕೆಜಿಯ ಇಬ್ಬರು ನಿಂತರೆ ಉಳಿಯುವುದು 140. 50 ಕೆಜಿಯ ಸಿಮೆಂಟ್ ಚೀಲ ಎರಡು ಇಡಬಹುದು, ಮೂರನೆಯದಕ್ಕೆ ಅಲ್ಲಿ ಜಾಗವೇ ಇಲ್ಲ.

ಹಂಚಿಕೊಳ್ಳುವಾಗ ಮರೆತುಹೋಗುವ ಇನ್ನೊಂದು ಮಾತಿದೆ. ಎಲ್ಲ ಅಂತಸ್ತುಗಳಲ್ಲೂ ಒಟ್ಟಿಗೆ ಪೂರ್ತಿ ಭಾರ ಬೀಳುತ್ತದೆ ಅಂತ ಸಾರುವೆಯನ್ನು ಸಾಮಾನ್ಯವಾಗಿ ಲೆಕ್ಕ ಹಾಕಿರುವುದಿಲ್ಲ. ಮೂರು ತಂಡಗಳು ಮೂರು ಅಂತಸ್ತಿನಲ್ಲಿ ಸಾಮಾನು ಪೇರಿಸಿದರೆ ಆ ಲೆಕ್ಕ ತಲೆಕೆಳಗು. ಯಾವ ಅಂತಸ್ತಿಗೆ ಎಷ್ಟು, ಒಟ್ಟಿಗೆ ಎಷ್ಟು ಅಂತಸ್ತು ಎಂಬುದನ್ನು ಕಟ್ಟುವವರಿಂದಲೇ ಬರೆಸಿಕೊಂಡು ಏಣಿಯ ಬುಡದಲ್ಲಿ ತೂಗುಹಾಕಿ.

ಬಿಚ್ಚುವ ಕೈ ಒಂದೇ

ಸಾರುವೆ ಸ್ವಂತ ಬಲದಿಂದ ನಿಲ್ಲುವುದಿಲ್ಲ, ಅದನ್ನು ಗೋಡೆಗೆ ಬಿಗಿದು ಹಿಡಿಯುವ ಕೊಂಡಿಗಳಿಂದ, ಅಂದರೆ ಟೈಗಳಿಂದ, ನಿಲ್ಲುತ್ತದೆ. ಆದರೆ ಕಿಟಕಿಯವರಿಗೆ ಆ ಟೈ ಅಡ್ಡ, ಗಾರೆಯವರಿಗೆ ಅದರ ಸುತ್ತ ಕೈಯಾಡಿಸುವುದು ಕಷ್ಟ. ಒಬ್ಬ ಒಂದು ಬಿಚ್ಚುತ್ತಾನೆ, ಮಾರನೆಯ ದಿನ ಇನ್ನೊಬ್ಬ ಪಕ್ಕದ್ದನ್ನು. ಇಬ್ಬರಿಗೂ ತಾನು ಬಿಚ್ಚಿದ್ದು ಒಂದೇ. ಹೊರಗೆ ಬಲೆ ಕಟ್ಟಿದ್ದರೆ ಅದು ಗಾಳಿ ಹಿಡಿಯುತ್ತದೆ, ಟೈಗಳ ಮೇಲಿನ ಎಳೆತ ಇನ್ನೂ ಏರುತ್ತದೆ. ಹಾಗಾಗಿ ಟೈ, ಕೈಹಿಡಿ ಪೈಪು, ಅಡ್ಡಪಟ್ಟಿ, ಯಾವುದನ್ನೂ ಕಟ್ಟಿದ ತಂಡ ಬಿಟ್ಟು ಬೇರೆಯವರು ಮುಟ್ಟಬಾರದು. ಬದಲಾವಣೆ ಬೇಕಿದ್ದರೆ ಯಜಮಾನನಿಗೆ ಹೇಳಬೇಕು. ಅವನು ಕಟ್ಟಿದವರನ್ನು ಕರೆಸುತ್ತಾನೆ. ಒಂದು ದಿನ ತಡವಾದೀತು, ಆಗಲಿ.

ಬಳಕೆಗೆ ಮುಂಚೆ ಒಮ್ಮೆ, ಆಮೇಲೆ ವಾರಕ್ಕೊಮ್ಮೆ, ಜೋರು ಗಾಳಿ ಮಳೆಯ ನಂತರ ಮತ್ತೆ ತಪಾಸಣೆ ಆಗಬೇಕು. ಪ್ರತಿ ಬದಲಾವಣೆಯ ನಂತರವೂ ಹಾಗೆಯೇ. ಸರಿಯಿದ್ದರೆ ಹಸಿರು ಚೀಟಿ, ಇಲ್ಲದಿದ್ದರೆ ಕೆಂಪು.

ಸರದಿ ಮತ್ತು ಬಾಡಿಗೆ

ಒಬ್ಬರ ತಲೆಯ ಮೇಲೆ ಇನ್ನೊಬ್ಬರು ಕೆಲಸ ಮಾಡುವುದು ಬೇಡ. ಚಾವಣಿ, ಮಳೆನೀರಿನ ಕೊಳವೆಯ ಕೆಲಸವೂ ಇದ್ದರೆ ಅದು ಮೊದಲು, ನಂತರ ಕಿಟಕಿ ಚೌಕಟ್ಟು, ಗಾರೆ, ಅದು ಒಣಗಿದ ಮೇಲೆ ಬಣ್ಣ. ಬೇರೆ ಬೇರೆ ಗೋಡೆಗಳಲ್ಲಿ ಎರಡು ತಂಡ ಒಟ್ಟಿಗೆ ಇದ್ದರೆ ತೊಂದರೆಯಿಲ್ಲ.

ದುಡ್ಡನ್ನು ಎರಡು ಭಾಗ ಮಾಡಿ. ಸಾಗಣೆ, ಕಟ್ಟುವುದು, ಬಿಚ್ಚುವುದು ಒಂದು. ಇದನ್ನು ಪ್ರತಿಯೊಬ್ಬರೂ ಬಳಸುವ ಗೋಡೆಯ ಅಳತೆಯ ಮೇಲೆ ಹಂಚಿ. ವಾರದ ಬಾಡಿಗೆ ಇನ್ನೊಂದು. ಒಟ್ಟು 6 ವಾರದಲ್ಲಿ ಗಾರೆಗೆ 3, ಕಿಟಕಿಗೆ 1, ಪೇಂಟಿಗೆ 2 ಹೋದರೆ ಬಾಡಿಗೆಯನ್ನೂ 3:1:2ರಂತೆ ಹಂಚಿ. ಗೊತ್ತಾದ ಅವಧಿ ಮೀರಿದರೆ ಹೆಚ್ಚಿನ ಬಾಡಿಗೆ ತಡಮಾಡಿದವರ ಮೇಲೆ. ಗಾರೆ ಒಣಗುವ ದಿನ, ಮಳೆಯ ದಿನ ಎಲ್ಲರ ಲೆಕ್ಕಕ್ಕೆ. ಈ ಕೊನೆಯ ವಾಕ್ಯ ಕರಾರಿನಲ್ಲಿ ಇಲ್ಲದಿದ್ದರೆ ಜಗಳ ಗ್ಯಾರಂಟಿ.

ಮನೆಯವರಿಗೂ ಒಂದು ಮಾತು ಹೇಳಿ. ಸಾರುವೆ ಎದ್ದ ದಿನದಿಂದ ನಾಲ್ಕನೇ ಮಹಡಿಯ ಕಿಟಕಿಯೂ ನೆಲಮಹಡಿಯ ಕಿಟಕಿಯಂತೆಯೇ. ಸಂಜೆ ಕೆಳಗಿನ ಏಣಿ ತೆಗೆದಿಡಬೇಕು, ಚಿಲಕ ಹಾಕಬೇಕು.

ಬಿಚ್ಚುವ ಮುಂಚೆ ಮೂವರಿಂದಲೂ "ನಮ್ಮ ಕೆಲಸ ಮುಗಿದಿದೆ" ಎಂದು ಸಹಿ ಹಾಕಿಸಿಕೊಳ್ಳಿ. ಬಿಚ್ಚುವುದು ಮೇಲಿನಿಂದ ಕೆಳಕ್ಕೆ. ಟೈ ತೆಗೆದ ತೂತುಗಳನ್ನು ಆಯಾ ಅಂತಸ್ತಿನಲ್ಲಿ ಹಲಗೆ ಇರುವಾಗಲೇ ಮುಚ್ಚಿ ಬಣ್ಣ ಹೊಡೆಯಬೇಕು. ಹಾಗಾಗಿ ಬಿಚ್ಚುವ ದಿನ ಪೇಂಟರ್ ಅಲ್ಲೇ ಇರಲಿ, ಅವನ ಕೊನೆಯ ಕಂತು ಅಲ್ಲಿಯವರೆಗೆ ನಿಮ್ಮ ಬಳಿಯೇ ಇರಲಿ.