ಕುಂಡದೊಳಗೆ ಕುಡಿಕೆ: ಧಾರವಾಡದ ಮಾಳಿಗೆಯ ಮೇಲೆ ವಸಂತದ ಕೈತೋಟ

ಶಿವರಾತ್ರಿ ಮುಗಿದು ಯುಗಾದಿ ಬರುವುದರೊಳಗೆ ನಮ್ಮ ಧಾರವಾಡದ ಮಾಳಿಗೆಗಳ ಮೇಲಿನ ಪೆಟೂನಿಯಾ, ಸೇವಂತಿಗೆಗಳ ಕುಂಡಗಳು ಒಂದೊಂದಾಗಿ ಖಾಲಿಯಾಗುತ್ತವೆ. ಮುಂದೆ ಜೂನ್ ಮಳೆಯವರೆಗೆ ಅವುಗಳನ್ನು ಬೋರಲು ಹಾಕಿಡುವುದೇ ವಾಡಿಕೆ. ನಳಕ್ಕೆ ಕೆಲವು ದಿನಗಳಿಗೊಮ್ಮೆ ನೀರು ಬರುವ ಊರಿನಲ್ಲಿ, ಏಪ್ರಿಲ್ ತಿಂಗಳ 37–38 ಡಿಗ್ರಿ ಬಿಸಿಲಿನಲ್ಲಿ, ಎರಡು ಹೊತ್ತು ನೀರು ಹೊತ್ತು ಹಾಕುವುದು ಯಾರಿಗೂ ಪೂರೈಸುವ ಕೆಲಸವಲ್ಲ. ಆದರೆ ಕಳೆದ ಎರಡು ವಸಂತಗಳಲ್ಲಿ ನನ್ನ ಮಾಳಿಗೆಯೂ ಮುಂಬಾಗಿಲ ಕಟ್ಟೆಯೂ ಮೇ ಕೊನೆಯವರೆಗೆ ಹೂವು, ಕಾಯಿಗಳಿಂದ ತುಂಬಿದ್ದವು. ಕುಂಡದೊಳಗೆ ನೀರಿನ ಕುಡಿಕೆ ಹುಗಿಯುವ ಈ ಪದ್ಧತಿಯನ್ನು ನಂಬದಿದ್ದವರೇ ಈಗ ಬಂದು ಕೇಳುತ್ತಿರುವುದರಿಂದ ಒಮ್ಮೆ ವಿವರವಾಗಿ ಬರೆದಿಡುತ್ತಿದ್ದೇನೆ.

ನಾನು ಮಾಡಿದ್ದು ಇಷ್ಟೇ: ಹದಿನಾರು ಇಂಚಿನ ಕುಂಡದ ನಡುವೆ ಸುಮಾರು ಎರಡು ಲೀಟರು ಹಿಡಿಯುವ ಮಣ್ಣಿನ ಕುಡಿಕೆಯನ್ನು ಕುತ್ತಿಗೆಯವರೆಗೆ ಹುಗಿದು, ಅದಕ್ಕೆ ಮಾತ್ರ ನೀರು ತುಂಬಿದೆ. ಕುಡಿಕೆಯ ಮೈಯಿಂದ ಜಿನುಗುವ ನೀರನ್ನು ಸುತ್ತಲಿನ ಮಣ್ಣು ತನಗೆ ಬೇಕಾದಷ್ಟು ಎಳೆದುಕೊಳ್ಳುತ್ತದೆ. ಹೊಲಗಳಲ್ಲಿ ಮಡಕೆ ನೀರಾವರಿ ಎನ್ನುವುದು ಇದನ್ನೇ. ಪಕ್ಕದ ಮನೆಯ ಕಾಕಾ ಇದನ್ನು ನೋಡಿ, “ಗಡಿಗಿ ಹುಗದ್ರ ಗಿಡಕ್ಕ ಜಾಗಾ ಎಲ್ಲಿ ಉಳಿತದರೀ?” ಎಂದಿದ್ದರು. ನವರಾತ್ರಿಯಲ್ಲಿ ಘಟ್ಟ ಹಾಕುವ ಮನೆಗಳಲ್ಲಿ ಮಣ್ಣಿನ ನಡುವೆ ನೀರಿನ ಗಡಿಗೆ ಇಟ್ಟು ಸುತ್ತ ಕಾಳು ಬಿತ್ತಿದರೆ, ಆ ಗಡಿಗೆಯ ತೇವಕ್ಕೇ ಸಸಿ ಗೇಣುದ್ದ ಏಳುವುದನ್ನು ಅವರೂ ವರ್ಷವರ್ಷ ಕಂಡವರೇ. ಆ ಕ್ರಮವನ್ನು ನಾನು ಕುಂಡಕ್ಕೆ ಇಳಿಸಿದೆ.

ಎಲ್ಲವೂ ನಿಂತಿರುವುದು ಕುಡಿಕೆಯ ಆಯ್ಕೆಯ ಮೇಲೆ. ಮೊದಲ ವರ್ಷ ಒಂದು ನರ್ಸರಿಯಿಂದ ತಂದ, ನೋಡಲು ನುಣುಪಾಗಿದ್ದ ಕುಡಿಕೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಜಿನುಗಲೇ ಇಲ್ಲ. ಒಂದು ಸಾವಿರ ರೂಪಾಯಿಯ ಹತ್ತಿರ ಅಲ್ಲೇ ಹೋಯಿತು, ಜೊತೆಗೆ ಟೊಮೆಟೊ ಸಸಿಗಳೂ ಹೋದವು. ಆವಿಗೆಯಲ್ಲಿ ಅತಿಯಾಗಿ ಸುಟ್ಟ ಮಣ್ಣು ನೀರು ಬಿಡುವುದಿಲ್ಲ; ಹಸಿಯುಳಿದದ್ದು ಎರಡೇ ವಾರಕ್ಕೆ ಕರಗಲು ತೊಡಗುತ್ತದೆ. ಈಗ ಪ್ರತಿಯೊಂದನ್ನೂ ನೀರು ತುಂಬಿ ರಾತ್ರಿಯಿಡೀ ಒಣ ಕಲ್ಲಿನ ಮೇಲೆ ಇಡುತ್ತೇನೆ. ಬೆಳಿಗ್ಗೆ ಮೈಮೇಲೆ ಸಮನಾಗಿ ಬೆವರು ಮೂಡಿ, ಕೈ ಸವರಿದರೆ ತಣ್ಣಗೆ ತೇವ ಹತ್ತಬೇಕು. ಹನಿ ಇಳಿದು ಕಲ್ಲಿನ ಮೇಲೆ ನೀರು ನಿಂತಿದ್ದರೆ ಅದು ಬೇಡ. ಮೈ ಒಣಗಿದ್ದರೂ ಬೇಡ. ನಾನು ಯಾವ ಓಣಿಯ ಕುಂಬಾರರಲ್ಲಿ ಹೇಳಿ ಮಾಡಿಸುತ್ತೇನೆಂಬುದನ್ನು ಸದ್ಯ ಇಲ್ಲಿ ಬರೆಯುವುದಿಲ್ಲ. ಆದರೆ ಕುಡಿಕೆಗಳನ್ನು ಶಿವರಾತ್ರಿಗೆ ಮೊದಲೇ ಕೊಳ್ಳಿರಿ. ತಣ್ಣೀರಿನ ಗಡಿಗೆಗಳ ವ್ಯಾಪಾರ ಏರಿದ ಮೇಲೆ ನಲವತ್ತು ರೂಪಾಯಿಯದು ಎಪ್ಪತ್ತಾಗುತ್ತದೆ.

ಮಣ್ಣಿನ ವಿಷಯದಲ್ಲಿಯೂ ವಾದಗಳಾದವು. ಕುಂಡಕ್ಕೆ ಎರೆ, ಅಂದರೆ ಕಪ್ಪು ಮಣ್ಣು ಸಲ್ಲದು, ಒಣಗಿದರೆ ಬಿರಿಯುತ್ತದೆ, ನೆನೆದರೆ ಬೇರು ಕೊಳೆಸುತ್ತದೆ ಎನ್ನುವುದು ಎಲ್ಲರ ಮಾತು. ಬರೀ ಎರೆಯಾದರೆ ಅದು ನಿಜ. ಆದರೆ ಬರೀ ಮಸಾರಿ, ಅಂದರೆ ಕೆಂಪು ಮಣ್ಣಿನಲ್ಲಿ ಕುಡಿಕೆಯ ನೀರು ಪಕ್ಕಕ್ಕೆ ಹರಡುವ ಮೊದಲೇ ಕೆಳಗಿಳಿದು ಹೋಗುತ್ತದೆ. ಐದು ಪಾಲು ಮಿಶ್ರಣದಲ್ಲಿ ಎರಡು ಪಾಲು ಮಸಾರಿ, ಒಂದು ಪಾಲು ಎರೆ, ಒಂದು ಪಾಲು ಹಳೆಯ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಶೇಂಗಾ ಹೊಟ್ಟು ಸೇರಿಸಿದ ಮೇಲೆ ತೇವ ಕುಂಡದ ಅಂಚಿನವರೆಗೂ ಬರತೊಡಗಿತು. ತೆಂಗಿನ ನಾರಿನ ಪುಡಿ ಕೊಳ್ಳುವ ಖರ್ಚೂ ಉಳಿಯಿತು. ನಮ್ಮ ಕಡೆ ಶೇಂಗಾ ಹೊಟ್ಟು ಹೆಚ್ಚುಕಡಿಮೆ ಸಾಗಾಣಿಕೆಯ ದುಡ್ಡಿಗೇ ಸಿಗುತ್ತದೆ. ಒಣ ಹೊಟ್ಟಿಗೆ ಗೆದ್ದಲು ಬರುವುದರಿಂದ ಕುಂಡಕ್ಕೆರಡು ಹಿಡಿ ಬೇವಿನ ಹಿಂಡಿ ತಪ್ಪಿಸಬಾರದು. ಶೇಂಗಾ ಹಿಂಡಿ ಹಾಕಿ ನೋಡಿದ ಕುಂಡಗಳಿಗೆ ಇರುವೆಗಳು ಸಾಲುಗಟ್ಟಿದವು.

ಇನ್ನು ಅಲಂಕಾರ. ಇದನ್ನು ಬಹಳ ಜನ ಹೆಂಗಸರ ಹವ್ಯಾಸವೆಂದು ಬದಿಗೆ ಸರಿಸುತ್ತಾರೆ. ನನ್ನ ಪದ್ಧತಿಯಲ್ಲಿ ಮಾತ್ರ ಅರ್ಧ ನೀರು ಉಳಿಯುವುದು ಅಲಂಕಾರದಿಂದಲೇ. ಕುಡಿಕೆ ಬೆವರಬೇಕು, ಹೊರಗಿನ ಕುಂಡ ಬೆವರಬಾರದು. ಮೊದಲು ಹೊರಮೈಗೆ ಮಾತ್ರ ಆಯಿಲ್ ಪೇಂಟ್ ಬಳಿದಾಗ ಒಳಗಿನ ತೇವ ಹೊರಗೆ ನೂಕಿ, ಬಣ್ಣ ಬೊಕ್ಕೆಯೆದ್ದು ಹಾಳೆಹಾಳೆಯಾಗಿ ಉದುರಿತು. ಪೇಂಟಿನ ಆರುನೂರು ರೂಪಾಯಿ ಮಣ್ಣುಪಾಲಾಯಿತು. ಈಗ ಒಳಗೂ ಹೊರಗೂ ಬಿಳಿ ಸಿಮೆಂಟಿನ ಎರಡು ಲೇಪ ಕೊಟ್ಟು, ಅದರ ಕ್ಷಾರ ಬಿಡಲೆಂದು ವಾರದ ಮಟ್ಟಿಗೆ ನೀರಿನಲ್ಲಿ ಮುಳುಗಿಸಿಡುತ್ತೇನೆ. ತಳದ ತೂತು ಮುಚ್ಚದಂತೆ ಒಂದು ಕಡ್ಡಿ ಚುಚ್ಚಿರಬೇಕು. ಲೇಪ ಬಿರಿಯದಿರಲು ಬೆರೆಸುವ ಒಂದು ಅಡುಗೆಮನೆಯ ವಸ್ತುವಿದೆ; ಅದನ್ನು ಸದ್ಯ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ. ಬಿಳಿ ಮೈ ಬಿಸಿಲನ್ನು ಹಿಂದಕ್ಕೆ ತಳ್ಳುವುದರಿಂದ ಮಧ್ಯಾಹ್ನ ಮೂರು ಗಂಟೆಗೆ ಕೈಯಿಟ್ಟರೂ ಕುಂಡ ಸುಡುವುದಿಲ್ಲ.

ಆ ಬಿಳಿಯ ಮೇಲೆ ಕೆಂಪು, ಕಪ್ಪು ಬಣ್ಣಗಳಲ್ಲಿ ಕಸೂತಿ ಬರೆದೆ. ಗವಂತಿ, ಮುರಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳೂ ಎಳೆ ಎಣಿಸಿ ಹಾಕುವಂಥವು. ನೆಟ್ಟಗೆ, ಅಡ್ಡ, ಓರೆ ಗೆರೆಗಳಲ್ಲದೆ ಬಳುಕು ಗೆರೆ ಅವುಗಳಲ್ಲಿ ಇಲ್ಲ. ಆದ್ದರಿಂದ ಚಿತ್ರ ಬರೆಯಲು ಬಾರದವರೂ ಇದನ್ನು ಮಾಡಬಹುದು. ತೊಡಕು ಇರುವುದು ಕುಂಡದ ಆಕಾರದಲ್ಲಿ: ಬಾಯಿ ಅಗಲ, ತಳ ಕಿರಿದು, ಹೀಗಾಗಿ ಮೇಲೆ ಕೂಡಿದ ಚೌಕಗಳು ಕೆಳಗೆ ಕೂಡುವುದಿಲ್ಲ. ಒಂದು ದಾರವನ್ನು ಬಾಯಿಯ ಸುತ್ತ ಅಳೆದು, ನಾಲ್ಕು ಸಲ ಮಡಚಿ ಹದಿನಾರು ಭಾಗ ಮಾಡಿಕೊಂಡು, ಭಾಗಕ್ಕೊಂದು ಪೆನ್ಸಿಲ್ ಗುರುತು ಹಾಕುತ್ತೇನೆ. ಒಂದು ಭಾಗಕ್ಕೆ ತುಳಸಿ ವೃಂದಾವನ ಅಥವಾ ಗೋಪುರ, ಮುಂದಿನದು ಖಾಲಿ. ಕೂಡದ ಅಳತೆಯೆಲ್ಲ ಆ ಖಾಲಿ ಜಾಗದಲ್ಲಿ ಅಡಗುತ್ತದೆ. ಕಂಠದ ಸುತ್ತ ಇಳಕಲ್ ಸೀರೆಯ ತೋಪ ತೆನಿ ಸೆರಗಿನಂತೆ ಕೆಂಪು ಪಟ್ಟಿಯ ಮೇಲೆ ಬಿಳಿ ಹಲ್ಲುಗಳನ್ನು ಬರೆದರೆ ಸಾಕು. ಕಟ್ಟೆಯ ಮೇಲೆ ಇಂಥ ಆರು ಕುಂಡಗಳನ್ನು ಸಾಲಾಗಿ ಇಟ್ಟ ದಿನದಿಂದ ಹಾದಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದಾರೆ, ಕೊಡುತ್ತೀರಾ ಎಂದು ಕೇಳಿದವರೂ ಇದ್ದಾರೆ.

ಫೆಬ್ರುವರಿಯಲ್ಲಿ ಮೂರು ದಿನಕ್ಕೊಮ್ಮೆ, ಏಪ್ರಿಲ್‌ನಲ್ಲಿ ದಿನ ಬಿಟ್ಟು ದಿನ ಕುಡಿಕೆ ತುಂಬಿದರೆ ಬದನೆ, ಮೆಣಸಿನಕಾಯಿ, ಜಿನಿಯಾ, ದುಂಡುಮಲ್ಲಿಗೆಗಳು ಬಾಡಲಿಲ್ಲ. ಫಲ ಹಿಡಿದ ಟೊಮೆಟೊಗೆ ಮಾತ್ರ ದಿನವೂ ಬೇಕಾಯಿತು. ಮೆಂತೆ, ಕೊತ್ತಂಬರಿ ಇದಕ್ಕೆ ಒಗ್ಗುವುದಿಲ್ಲ. ಮೇಲ್ಮಣ್ಣು ಒಣಗಿರುವುದರಿಂದ ಬೀಜ ಮೊಳೆಯುವುದಿಲ್ಲ, ಮೊಳೆಯುವವರೆಗೆ ಮೇಲಿನಿಂದಲೇ ನೀರು ಚಿಮುಕಿಸಬೇಕು. ಕುಡಿಕೆಯ ಬದಲು ಬಾಟಲಿಗೆ ದೀಪದ ಬತ್ತಿ ಇಳಿಬಿಟ್ಟು ನೋಡಿದೆ. ಬತ್ತಿ ಪಾಚಿಗಟ್ಟಿ ನೀರು ಇಳಿಯುವುದೇ ನಿಂತಿತು. ಕುಡಿಕೆಯ ಬಾಯಿಗೆ ಮುಚ್ಚಳ ಬಿಗಿಯಾಗಿ ಕೂರಲೇಬೇಕು. ಡೆಂಗ್ಯೂ ಹರಡುವ ಸೊಳ್ಳೆಗೆ ನಿಂತ ತಿಳಿನೀರು ವಾರ, ಹತ್ತು ದಿನ ಸಿಕ್ಕರೆ ಮೊಟ್ಟೆಯಿಂದ ಸೊಳ್ಳೆಯಾಗಿ ಹಾರಲು ಸಾಕು.

ಬೋರ್‌ವೆಲ್ ನೀರು ಬಳಸುವವರಿಗೆ ಇನ್ನೊಂದು ಮಾತು. ಗಡಸು ನೀರಿನ ಲವಣ ಕುಡಿಕೆಯ ರಂಧ್ರಗಳನ್ನು ಕಟ್ಟುತ್ತದೆ, ಕತ್ತಿನ ಸುತ್ತ ಬಿಳಿ ಪೊರೆಯಾಗಿ ಕಾಣುತ್ತದೆ. ಎರಡು ವಾರಕ್ಕೊಮ್ಮೆ ಮೇಲಿನಿಂದ ಒಂದು ಕೊಡ ನೀರು ಸುರಿದು ಮಣ್ಣಿನ ಲವಣವನ್ನು ತೂತಿನಿಂದ ಇಳಿಸುತ್ತೇನೆ. ಜೂನ್‌ನಲ್ಲಿ ಕುಡಿಕೆ ತೆಗೆದಾಗ ಅದರ ಹೊಟ್ಟೆಯ ಸುತ್ತ ಬಿಳಿ ಬೇರುಗಳು ಜಾಳಿಗೆಯಂತೆ ಹೆಣೆದುಕೊಂಡಿರುತ್ತವೆ. ಜಾಗದ ಬಗ್ಗೆ ಕೇಳಿದ್ದ ಕಾಕಾ ಅವರಿಗೆ ತೋರಿಸಿದ್ದು ಇದನ್ನೇ. ಬೇರು ಕೆರೆದು, ಹುಣಸೆಹುಳಿ ನೀರಿನಲ್ಲಿ ಒಂದು ರಾತ್ರಿ ನೆನೆಸಿ ತಿಕ್ಕಿದರೆ ಮರುವರ್ಷ ಮತ್ತೆ ಜಿನುಗುತ್ತದೆ.

ಇಪ್ಪತ್ತರಷ್ಟು ಕುಂಡಗಳಿಗೆ ಕುಂಡ, ಕುಡಿಕೆ, ಸಿಮೆಂಟು, ಬಣ್ಣ, ಮಣ್ಣು, ಗೊಬ್ಬರ ಎಲ್ಲ ಸೇರಿ ನನಗೆ ಎಂಟು ಸಾವಿರದ ಆಜುಬಾಜು ಬಿದ್ದಿದೆ. ಅದರಲ್ಲಿ ಮುಕ್ಕಾಲು ಪಾಲು ಕುಂಡಗಳದೇ ಬೆಲೆ. ಎರಡನೆಯ ವರ್ಷ ಒಡೆದ ನಾಲ್ಕಾರು ಕುಡಿಕೆ, ಗೊಬ್ಬರ, ಬೀಜಗಳಿಗೆ ಏಳೆಂಟುನೂರು ಸಾಕಾಯಿತು. ಹಳೆಯ ಕುಂಡಗಳು ಮನೆಯಲ್ಲಿದ್ದವರು ಎರಡೂವರೆ ಸಾವಿರದೊಳಗೆ ಆರಂಭಿಸಬಹುದು.